ಮೂರಕ್ಕೆ ಒಂದು: ಬೇರೆ ಬೇರೆ ಥರ ಕಲಿಯೋ ಮಕ್ಕಳಿಗೆ ಅನುಪಾತ ಹೇಳಿಕೊಡೋದು

(ಮಾತಿನ ಬರಹರೂಪ. ವೀಡಿಯೊದಲ್ಲಿ ಬೋರ್ಡ್ ಮೇಲೆ ಬರೆದದ್ದನ್ನು ಇಲ್ಲಿ ಸಾಲುಗಳಾಗಿ ಕೊಟ್ಟಿದೆ.)

ಭಾನುವಾರ ಬೆಳಗ್ಗೆ, ಅದೂ ಗಣಿತದ ಬಗ್ಗೆ ಮಾತು ಅಂತ ಗೊತ್ತಿದ್ದೂ ಬಂದು ಕೂತಿದ್ದೀರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್.

ಸುಲಭದ ಪ್ರಶ್ನೆಯಿಂದ ಶುರು ಮಾಡ್ತೀನಿ. ದೋಸೆಗೆ ಮೂರು ಲೋಟ ಅಕ್ಕಿ ನೆನೆಹಾಕಿದರೆ ಉದ್ದಿನಬೇಳೆ ಎಷ್ಟು? ಒಂದು ಲೋಟ ಅಂತಿದ್ದೀರಿ. ಹಿಂದೆ ಯಾರೋ ಮುಕ್ಕಾಲು ಅಂದರು. ಈ ಜಗಳ ಸಂಜೆವರೆಗೂ ಆಡಬಹುದು (ನಗು), ಇವತ್ತಿಗೆ ಮೂರಕ್ಕೆ ಒಂದು ಅಂತ ಇಟ್ಟುಕೊಳ್ಳೋಣ. ಈಗ ಊರಿಂದ ನೆಂಟರು ಬಂದರು, ಐದು ಲೋಟ ಅಕ್ಕಿ ಹಾಕಿದಿರಿ. ಉದ್ದು ಎಷ್ಟು? "ಒಂದೂವರೆಗಿಂತ ಸ್ವಲ್ಪ ಜಾಸ್ತಿ." ಸರಿ. ಪೆನ್ನು ಪೇಪರ್ ಯಾರೂ ತೆಗೀಲಿಲ್ಲ, ಎಕ್ಸ್ ಅಂತ ಇಟ್ಟುಕೋ ಅಂತ ಯಾರೂ ಅನ್ನಲಿಲ್ಲ.

ಇದೇ ಲೆಕ್ಕವನ್ನು ಆರನೇ ಏಳನೇ ಕ್ಲಾಸಿನ ಪುಸ್ತಕದ ಭಾಷೆಯಲ್ಲಿ ಕೊಟ್ಟರೆ ಎಷ್ಟೋ ಮಕ್ಕಳು ಮೂರು ಲೋಟ ಉದ್ದು ಅಂತ ಬರೀತಾರೆ. ಹೇಗೆ ಅಂದರೆ, ಅಕ್ಕಿ ಮೂರರಿಂದ ಐದಕ್ಕೆ ಹೋಯ್ತು, ಎರಡು ಜಾಸ್ತಿ ಆಯ್ತು. ಹಾಗಾದರೆ ಉದ್ದೂ ಎರಡು ಜಾಸ್ತಿ. ಒಂದಕ್ಕೆ ಎರಡು ಸೇರಿಸಿದರೆ ಮೂರು. ಆ ಹಿಟ್ಟಲ್ಲಿ ದೋಸೆ ಬರಲ್ಲ, ಹತ್ತಿರ ಹತ್ತಿರ ವಡೆಯೇ ಆಗುತ್ತೆ.

ನಾನು ಪುಣೆಯ ಒಂದು ಶಾಲೆಯ ರಿಸೋರ್ಸ್ ರೂಮಿನಲ್ಲಿ ಗಣಿತ ಹೇಳಿಕೊಡ್ತೀನಿ. ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ, ಎಡಿಎಚ್‌ಡಿ, ಆಟಿಸಂ, ದೃಷ್ಟಿ ಮಂದ ಇರೋ ಮಕ್ಕಳು, ಜೊತೆಗೆ ಯಾವ ಹೆಸರೂ ಇಲ್ಲದೆ ಸುಮ್ಮನೆ ಹಿಂದೆ ಬಿದ್ದ ಮಕ್ಕಳು ಆ ರೂಮಿಗೆ ಬರ್ತಾರೆ. ಐದನೇ ಕ್ಲಾಸಿನವರೆಗೆ ಹೇಗೋ ತಳ್ಳಿಕೊಂಡು ಬಂದ ಮಗು ಅನುಪಾತದ ಪಾಠ ಬಂದಾಗ ಕೂತುಬಿಡುತ್ತೆ. ಅಪ್ಪ ಅಮ್ಮ ಗಾಬರಿಯಿಂದ ಓಡಿ ಬರೋದೂ ಅಲ್ಲಿಂದಲೇ. ಅದಕ್ಕೇ ಇವತ್ತು ಈ ವಿಷಯ.

ಈ "ಎರಡು ಜಾಸ್ತಿ" ಅನ್ನೋ ಉತ್ತರ ನಿಮ್ಮ ಮಗು ಒಂದೇ ಕೊಡೋದಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರಾಬರ್ಟ್ ಕಾರ್ಪ್ಲಸ್ ಅನ್ನೋ ಭೌತವಿಜ್ಞಾನಿ ಶಾಲೆಯ ಮಕ್ಕಳ ಮುಂದೆ ಒಂದು ಒಗಟು ಇಡ್ತಿದ್ದರು. ಇಬ್ಬರ ಚಿತ್ರ. ಮಿಸ್ಟರ್ ಶಾರ್ಟ್, ಮಿಸ್ಟರ್ ಟಾಲ್. ನಾವು ಕುಳ್ಳಪ್ಪ, ಉದ್ದಪ್ಪ ಅನ್ನೋಣ. ಅಂಗಿ ಗುಂಡಿ ಸಾಲಾಗಿ ಇಟ್ಟು ಅಳೆದರೆ ಕುಳ್ಳಪ್ಪ 4 ಗುಂಡಿ ಎತ್ತರ, ಉದ್ದಪ್ಪ 6 ಗುಂಡಿ. ಪೇಪರ್ ಕ್ಲಿಪ್‌ನಲ್ಲಿ ಅಳೆದರೆ ಕುಳ್ಳಪ್ಪ 6 ಕ್ಲಿಪ್. ಹಾಗಾದರೆ ಉದ್ದಪ್ಪ ಎಷ್ಟು ಕ್ಲಿಪ್? ಉತ್ತರ 9. ತುಂಬಾ ಮಕ್ಕಳು 8 ಅಂದರು. ಗುಂಡಿಯಲ್ಲಿ ಎರಡು ಜಾಸ್ತಿ ಇದ್ದ, ಕ್ಲಿಪ್‌ನಲ್ಲೂ ಎರಡು ಜಾಸ್ತಿ.

ಎಂಟು ಅಂದ ಮಗು ಕೂಡಿಸೋದನ್ನ ಸರಿಯಾಗೇ ಮಾಡಿದೆ. ಅದು ನೋಡಿದ್ದು "ಎಷ್ಟು ಜಾಸ್ತಿ" ಅಂತ. ಪ್ರಶ್ನೆ ಕೇಳಿದ್ದು "ಎಷ್ಟು ಪಟ್ಟು" ಅಂತ. ಒಂದನೇ ಕ್ಲಾಸಿಂದ ಹೋಲಿಕೆ ಅಂದರೆ ಕಳೆಯೋದು ಅಂತ ನಾವೇ ಕಲಿಸಿದ್ದೀವಿ. ರಾಮನ ಹತ್ತಿರ 6, ಭೀಮನ ಹತ್ತಿರ 4, ಯಾರ ಹತ್ತಿರ ಎಷ್ಟು ಜಾಸ್ತಿ? ಐದು ವರ್ಷ ಇದನ್ನೇ ಕೇಳಿ, ಆರನೇ ವರ್ಷ ಒಂದು ದಿನ ಎರಡು ಚುಕ್ಕಿ ಇಟ್ಟು ಇದು ಅನುಪಾತ ಅಂದುಬಿಡ್ತೀವಿ. ಈ ದಾಟುವಿಕೆ ಎಲ್ಲ ಮಕ್ಕಳಿಗೂ ಕಷ್ಟ. ಹೆಚ್ಚಿನವರು ಬಿದ್ದು ಎದ್ದು ದಾಟಿಬಿಡ್ತಾರೆ. ರಿಸೋರ್ಸ್ ರೂಮಿಗೆ ಬರೋ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಕಾಲು ಸಿಕ್ಕಿಸಿಕೊಂಡಿರ್ತಾರೆ. ಕಾಲು ಎಲ್ಲಿ ಸಿಕ್ಕಿದೆ ಅಂತ ನೋಡದೆ ಎಳೆದರೆ ನೋವಾಗೋದು ಮಗುವಿಗೆ.

ಒಂದು ಪಾಠ ಹೋದರೆ ಹೋಯ್ತು ಅಂತ ಕೆಲವರಿಗೆ ಅನ್ನಿಸಬಹುದು. ಈ ಪಾಠ ಹೋಗೋ ಹಾಗಿಲ್ಲ. ಶೇಕಡಾವಾರು, ಬಡ್ಡಿ, ಮ್ಯಾಪಿನ ಸ್ಕೇಲ್, ವೇಗ, ಸಾಂದ್ರತೆ, ಒಂಬತ್ತನೇ ಕ್ಲಾಸಿನ ಕೆಮಿಸ್ಟ್ರಿ, ಎಲ್ಲದರ ಒಳಗೂ ಇರೋದು ಇದೇ. ಪರೀಕ್ಷೆ ಬಿಡಿ. ನಿಮ್ಮಲ್ಲಿ ಚಿಕ್ಕ ಮಕ್ಕಳಿರೋರಿಗೆ ಜ್ವರದ ಸಿರಪ್ ಗೊತ್ತು. ಪ್ಯಾರಸಿಟಮಾಲ್ ಸಿರಪ್ 5 ಎಂ.ಎಲ್.ಗೆ 120 ಮಿಲಿಗ್ರಾಂ ಇರೋದೂ ಸಿಗುತ್ತೆ, 5 ಎಂ.ಎಲ್.ಗೆ 250 ಇರೋದೂ ಸಿಗುತ್ತೆ. ಡಾಕ್ಟರ್ 240 ಮಿಲಿಗ್ರಾಂ ಅಂದಿದ್ದಾರೆ ಅಂದುಕೊಳ್ಳಿ. ಮೊದಲನೇ ಬಾಟಲಿಯಲ್ಲಿ ಅದು 10 ಎಂ.ಎಲ್. ಎರಡನೇದರಲ್ಲಿ 5ಕ್ಕಿಂತ ಒಂಚೂರು ಕಡಿಮೆ. ರಾತ್ರಿ ಎರಡು ಗಂಟೆಗೆ, ಬಾಟಲಿ ಬದಲಾಗಿದೆ, "ಹೋದ ಸಲ ಹತ್ತು ಕೊಟ್ಟಿದ್ವಿ" ಅಂತ ಹತ್ತೇ ಕೊಟ್ಟರೆ ಮಗುವಿಗೆ ಹೋಗೋದು ಎರಡರಷ್ಟು ಔಷಧಿ. ಇವತ್ತು ನನ್ನ ರೂಮಿನಲ್ಲಿ ಕೂತಿರೋ ಹುಡುಗಿ ಇನ್ನು ಹದಿನೈದು ವರ್ಷಕ್ಕೆ ಆ ಬಾಟಲಿ ಹಿಡಿದು ನಿಂತಿರ್ತಾಳೆ. ಅವಳಿಗೆ ಮಾರ್ಕ್ಸ್ ಎಷ್ಟು ಬಂತು ಅನ್ನೋದಕ್ಕಿಂತ ನನಗೆ ಇದರ ಚಿಂತೆ ಜಾಸ್ತಿ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ನಾನು ಭಾಷೆಯಿಂದ ಶುರು ಮಾಡ್ತೀನಿ. ಇದು ಊರು ಬಿಟ್ಟು ಬಂದ ನಮಗೆ ವಿಶೇಷವಾಗಿ ಬೇಕಾದ್ದು. ನಮ್ಮ ಮಕ್ಕಳು ಮನೇಲಿ ಕನ್ನಡ, ಕ್ಲಾಸಲ್ಲಿ ಇಂಗ್ಲಿಷ್, ಸೊಸೈಟಿಯ ಗ್ರೌಂಡಲ್ಲಿ ಹಿಂದಿ ಮರಾಠಿ. ಇಂಗ್ಲಿಷಿನಲ್ಲಿ "ಟೂ ಮೋರ್" ಅನ್ನೋದೂ "ಟೂ ಟೈಮ್ಸ್ ಆಸ್ ಮೆನಿ" ಅನ್ನೋದೂ ಆ ಭಾಷೆ ಪೂರ್ತಿ ಕೈಗೆ ಬರದ ಮಗುವಿಗೆ ಒಂದೇ ಥರ ಕೇಳಿಸುತ್ತೆ, ಎರಡೂ "ಜಾಸ್ತಿ". ಕನ್ನಡದಲ್ಲಿ ಕೇಳಿ: ಎರಡು ಜಾಸ್ತಿ, ಎರಡರಷ್ಟು. ಕಿವಿಗೇ ಬೇರೆ. ಎರಡು ಪಟ್ಟು, ದುಪ್ಪಟ್ಟು, ಇಮ್ಮಡಿ, ಮುಮ್ಮಡಿ, ಎಷ್ಟೊಂದು ಪದ ಇಟ್ಟುಕೊಂಡಿದ್ದೀವಿ. (ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂದರೆ ಮೂರು ಪಟ್ಟು ಕೃಷ್ಣರಾಜನಾ ಅಂತ ಒಬ್ಬ ಹುಡುಗ ಕೇಳಿದ್ದ. ಅಲ್ಲಿ ಮೂರನೆಯವರು ಅಂತಪ್ಪ.) ಪುಣೆ, ಮುಂಬೈಯಲ್ಲಿರೋ ಮಕ್ಕಳಿಗೆ ಮರಾಠಿಯ ದುಪ್ಪಟ್, ತಿಪ್ಪಟ್ ಆಗಲೇ ಕಿವಿಗೆ ಬಿದ್ದಿರುತ್ತೆ. ಚೆನ್ನೈಯಲ್ಲಿ ಮಡಂಗು, ಹೈದರಾಬಾದಿನಲ್ಲಿ ರೆಟ್ಲು, ಡೆಲ್ಲಿಯಲ್ಲಿ ಗುನಾ. ಮಗು ಯಾವ ಭಾಷೇಲಿ ಈ ಪದವನ್ನ ಆಟಕ್ಕೆ ಬಳಸುತ್ತೋ ಆ ಭಾಷೇಲೇ ಹೇಳಿ.

ಇನ್ನೂ ಒಂದಿದೆ. "ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು." ಆ "ಗೆ" ಇದೆಯಲ್ಲ, "ಮೂರಕ್ಕೆ ಒಂದು" ಅನ್ನುವಾಗಿನ "ಕ್ಕೆ", ಅದೇ ನಮ್ಮ ಅನುಪಾತದ ಚಿಹ್ನೆ. ಪುಸ್ತಕದಲ್ಲಿ ಎರಡು ಚುಕ್ಕಿ ಬಂದಾಗ ನಾನು ಮಕ್ಕಳಿಗೆ ಅದನ್ನ "ಗೆ" ಅಂತ ಓದಿಸ್ತೀನಿ. ಮರಾಠಿ ಮಕ್ಕಳು ಅವರ ಥರ ಓದ್ತಾರೆ. ಸತ್ತು ಬಿದ್ದಿದ್ದ ಚುಕ್ಕಿಗೆ ಆಗ ಉಸಿರು ಬರುತ್ತೆ.

ಇಲ್ಲೇ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಶಾಲೆಯವರು ಮಗುವಿಗೆ ಗಣಿತದಲ್ಲಿ ತೊಂದರೆ ಇದೆ, ಅಸೆಸ್‌ಮೆಂಟ್ ಮಾಡಿಸಿ ಅಂದಾಗ, ಮಾಡಿಸಿ, ಹಿಂಜರಿಯಬೇಡಿ. ಜೊತೆಗೆ ಅದೇ ಲೆಕ್ಕವನ್ನ ಮನೇಲಿ ಕನ್ನಡದಲ್ಲಿ, ಬಾಯಲ್ಲಿ, ಲೋಟ ಚಮಚ ಮುಂದೆ ಇಟ್ಟು ಕೇಳಿ ನೋಡಿ. ಮಗು ಥಟ್ಟನೆ ಮಾಡಿತು ಅಂದರೆ ಸಿಕ್ಕಿಬಿದ್ದಿರೋದು ಇಂಗ್ಲಿಷ್ ವಾಕ್ಯದಲ್ಲಿ ಇರಬಹುದು. ಹಾಗೂ ಆಗಲಿಲ್ಲ ಅಂದರೆ ಇನ್ನೂ ಒಳಗೆ ನೋಡಬೇಕು. ಎರಡೂ ಒಟ್ಟಿಗೆ ಇರೋದೂ ಉಂಟು. ನೀವು ನೋಡಿದ್ದನ್ನ ಅಸೆಸ್‌ಮೆಂಟ್ ಮಾಡೋರಿಗೆ ಹೇಳಿ. ಮನೇಲಿ ಯಾವ ಭಾಷೆ ಅಂತ ಅವರು ಕೇಳದಿದ್ದರೆ ನೀವೇ ಹೇಳಿ.

ಈಗ ಕೆಲಸಕ್ಕೆ ಬರೋಣ. ನನ್ನ ಮುಖ್ಯ ಸಾಧನ ಎರಡು ಸಾಲು. ಬೋರ್ಡ್ ನೋಡಿ.

ಅಕ್ಕಿ (ಲೋಟ): 3, 6, 9, 12, 15
ಉದ್ದು (ಲೋಟ): 1, 2, 3, 4, 5

ಅಷ್ಟೇ. ಮೊದಲು ಹೆಸರು, ಆಮೇಲೆ ಅಂಕಿ. ಹೆಸರು ಬರೆಯದ ಸಾಲಿಗೆ ನಾನು ಅಂಕಿ ಬರೆಯೋಕೆ ಬಿಡಲ್ಲ. ಮಗು ಮೊದಲು ಕೂಡಿಸಿಕೊಂಡೇ ಹೋಗಲಿ. ಮೇಲೆ ಮೂರು ಸೇರಿದಾಗ ಕೆಳಗೆ ಒಂದು ಸೇರಲೇಬೇಕು, ಇಬ್ಬರೂ ಜೊತೆಗೆ ಹೆಜ್ಜೆ ಹಾಕಬೇಕು, ಇದು ಕೈಗೆ ಬರಲಿ. ನಾಲ್ಕೈದು ದಿನ ಆದ ಮೇಲೆ ಮಕ್ಕಳೇ ಬೇಜಾರಾಗಿ ಹಾರೋಕೆ ಶುರು ಮಾಡ್ತಾರೆ. "ಮೇಡಂ, ಮೂವತ್ತು ಲೋಟಕ್ಕೆ ಹತ್ತು, ಅಲ್ವಾ? ಎಲ್ಲ ಬರೀಬೇಕಾ?" ಬರೀಬೇಡ. ಆ ಹಾರಿದ್ದೇ ಗುಣಾಕಾರ. ಕೂಡಿಸೋದರಿಂದ ಪಟ್ಟಿನ ಕಡೆಗೆ ಮಗು ತಾನೇ ದಾಟಿತು, ನಾನು ತಳ್ಳಲಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ತೆರೆಜಿನ್ಯಾ ನ್ಯೂನೆಸ್, ಡೇವಿಡ್ ಕರಾಹರ್, ಅನಾಲೂಸಿಯಾ ಶ್ಲೀಮನ್ ಅನ್ನೋ ಮೂವರು ಬೀದಿಯಲ್ಲಿ ವ್ಯಾಪಾರ ಮಾಡೋ ಮಕ್ಕಳ ಲೆಕ್ಕವನ್ನ ಅಧ್ಯಯನ ಮಾಡಿ 1985ರಲ್ಲಿ ಬರೆದರು. ಒಂದು ತೆಂಗಿನಕಾಯಿ 35 ಕ್ರುಜೇರೊ, ಹತ್ತಕ್ಕೆ ಎಷ್ಟು ಅಂತ ಗಿರಾಕಿ ಥರ ಕೇಳಿದರೆ ಹುಡುಗ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿಸಿದರೆ 210, ಹೀಗೆ ಗುಂಪು ಗುಂಪಾಗಿ ಹತ್ತಿ 350ಕ್ಕೆ ಬಂದ. ಕಣ್ಣಿಗೆ ಕಾಣದ ಎರಡು ಸಾಲು ಅವನ ತಲೆಯಲ್ಲಿತ್ತು. ಆ ಮಕ್ಕಳು ಅಂಗಡಿಯಲ್ಲಿ ನೂರಕ್ಕೆ 98 ಲೆಕ್ಕ ಸರಿ ಮಾಡಿದರು. ಅದೇ ಥರದ ಲೆಕ್ಕವನ್ನ ಬರೀ ಅಂಕಿಗಳಾಗಿ ಪೇಪರ್ ಮೇಲೆ ಕೊಟ್ಟಾಗ ನೂರಕ್ಕೆ 37. ಐದೇ ಮಕ್ಕಳ ಸಣ್ಣ ಅಧ್ಯಯನ ಅದು, ಆದರೆ ನನ್ನ ರೂಮಿನಲ್ಲಿ ಅದನ್ನ ದಿನಾ ನೋಡ್ತೀನಿ.

ಒಂದೇ ಎರಡು ಸಾಲು, ಬೇರೆ ಬೇರೆ ಮಗುವಿಗೆ ಬೇರೆ ಬೇರೆ ಥರ ಬೇಕಾಗುತ್ತೆ.

ಡಿಸ್ಕ್ಯಾಲ್ಕುಲಿಯಾ ಇರೋ ಮಗುವಿಗೆ ಏಳೆಂಟ್ಲೆ ಎಷ್ಟು ಅನ್ನೋದು ಎಷ್ಟು ಸಲ ಬಾಯಿಪಾಠ ಮಾಡಿದರೂ ಜಾರಿ ಹೋಗುತ್ತೆ. "ಮೊದಲು ಮಗ್ಗಿ ಬರಲಿ, ಆಮೇಲೆ ಅನುಪಾತ" ಅಂತ ಹಟ ಹಿಡಿದರೆ ಆ ಮಗುವಿಗೆ ಅನುಪಾತ ಯಾವತ್ತೂ ಬರಲ್ಲ. ಮಗ್ಗಿ ನೆನಪಿನ ವಿಷಯ, ಅನುಪಾತ ಸಂಬಂಧದ ವಿಷಯ. ಮಗ್ಗಿ ಕಾರ್ಡ್ ಪಕ್ಕದಲ್ಲಿ ಇಡಿ, ಕ್ಯಾಲ್ಕುಲೇಟರ್ ಕೊಡಿ. ದುಪ್ಪಟ್ಟು ಮಾಡೋದು, ಅರ್ಧ ಮಾಡೋದು, ಹತ್ತರಷ್ಟು ಮಾಡೋದು, ಈ ಮೂರು ಬಂದರೆ ಎರಡು ಸಾಲಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. 3ಕ್ಕೆ 1 ಅಂದರೆ 30ಕ್ಕೆ 10, ಅದರ ಅರ್ಧ 15ಕ್ಕೆ 5, ಎರಡೂ ಸೇರಿ 45ಕ್ಕೆ 15. ಏಳರ ಮಗ್ಗಿ ಬರದ ಹುಡುಗಿಯೊಬ್ಬಳು ಹೀಗೆ ಮಾಡಿ ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನಿಗಿಂತ ಮುಂಚೆ ಉತ್ತರ ಹೇಳಿದ್ದನ್ನ ನಾನು ನೋಡಿದ್ದೀನಿ.

ಡಿಸ್ಲೆಕ್ಸಿಯಾ ಇರೋ ಮಗುವಿಗೆ ಲೆಕ್ಕ ಬರುತ್ತೆ, ಪ್ರಶ್ನೆ ಬರಲ್ಲ. ಹುಡುಗಿಯರಿಗೂ ಹುಡುಗರಿಗೂ ಇರುವ ಅನುಪಾತ ಅಂದಾಗ ಯಾರು ಮೊದಲು ಅನ್ನೋದು ತಿರುಗಿಬಿಡುತ್ತೆ. 5:3 ಹೋಗಿ 3:5 ಆಗುತ್ತೆ. ಪ್ರಶ್ನೆಯನ್ನ ಗಟ್ಟಿಯಾಗಿ ಓದಿ ಹೇಳಿ. ಓದುವಾಗಲೇ ಎರಡು ಹೆಸರು ಮಗು ಬರೆದುಕೊಳ್ಳಲಿ, ಒಂದೊಂದಕ್ಕೆ ಒಂದೊಂದು ಬಣ್ಣ. ಉಳಿದದ್ದು ಅವರೇ ಮಾಡ್ತಾರೆ.

ಎಡಿಎಚ್‌ಡಿ ಇರೋ ಮಗುವಿಗೆ ಒಂದೇ ಥರದ ಇಪ್ಪತ್ತು ಲೆಕ್ಕ ಕೊಡೋದು ಶಿಕ್ಷೆ. ನಾಲ್ಕು ಕೊಡಿ, ನಾಲ್ಕೂ ಬೇರೆ ಥರದ್ದು. ನಮ್ಮ ರೂಮಿನ ನೆಲದ ಮೇಲೆ ಎರಡು ದಾರ ಕಟ್ಟಿದ್ದೀವಿ, ಸಮ ಅಂತರಕ್ಕೆ ಗಂಟು. ಒಂದು ದಾರ ನಿಂಬೆರಸದ ಚಮಚ, ಇನ್ನೊಂದು ನೀರಿನ ಲೋಟ. ಇಬ್ಬರು ಮಕ್ಕಳು ಒಂದೊಂದು ದಾರದ ಮೇಲೆ ಜೊತೆಗೇ ನಡೀಬೇಕು. ಒಬ್ಬ ಓಡಿದರೆ ಇನ್ನೊಬ್ಬ "ಏಯ್, ಪಾನಕ ಹುಳಿ ಆಯ್ತು" ಅಂತ ಕೂಗ್ತಾನೆ. ದೃಷ್ಟಿ ಮಂದ ಇರೋ ಮಗು ಅದೇ ದಾರದ ಗಂಟನ್ನ ಕೈಯಲ್ಲಿ ಮುಟ್ಟಿ ಎಣಿಸುತ್ತೆ. ಒಬ್ಬರಿಗೆ ಅಂತ ಮಾಡಿದ್ದು ಇನ್ನೊಬ್ಬರಿಗೂ ಉಪಯೋಗಕ್ಕೆ ಬಂತು.

ಆಟಿಸಂ ಇರೋ ಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅವರಿಂದ ನನ್ನ ಪಾಠವೇ ಬದಲಾಗಿದೆ. "ಒಂದು ಕಾರು ಒಂದು ಗಂಟೇಲಿ 60 ಕಿಲೋಮೀಟರ್ ಹೋದರೆ ಮೂರು ಗಂಟೇಲಿ ಎಷ್ಟು ಹೋಗುತ್ತೆ?" ಒಬ್ಬ ಹುಡುಗ ಪೆನ್ನು ಕೆಳಗಿಟ್ಟ. "ಹೇಳೋಕಾಗಲ್ಲ. ಸಿಗ್ನಲ್ ಇರುತ್ತೆ. ಹಿಂಜವಡಿ ಕಡೆ ಹೋದರೆ ನಿಂತೇ ಇರುತ್ತೆ." ನೀವು ನಗ್ತೀರಿ, ಆದರೆ ಅವನು ಹೇಳಿದ್ದು ಸರಿ. "ಅದೇ ವೇಗದಲ್ಲಿ ಹೋದರೆ" ಅನ್ನೋ ಮಾತನ್ನ ಪ್ರಶ್ನೆ ಬರೆದವರು ನುಂಗಿಬಿಟ್ಟಿದ್ದಾರೆ. ಉಳಿದ ಮಕ್ಕಳು ಕೇಳಲ್ಲ, ಅವನು ಕೇಳಿದ. ಅಂದಿನಿಂದ ನಾನು ಪ್ರತಿ ಲೆಕ್ಕಕ್ಕೂ ಮುಂಚೆ ಕ್ಲಾಸಿಗೆಲ್ಲ ಒಂದು ಪ್ರಶ್ನೆ ಕೇಳ್ತೀನಿ: ಇಲ್ಲಿ ಎರಡೂ ನಿಜವಾಗಿ ಜೊತೆಗೆ ಹೆಜ್ಜೆ ಹಾಕ್ತಾವಾ?

ಹಾಕದೇ ಇರೋ ಲೆಕ್ಕಗಳನ್ನೂ ಬೇಕಂತಲೇ ಮಧ್ಯೆ ಸೇರಿಸ್ತೀನಿ. ಮೂರು ಬಟ್ಟೆ ಬಿಸಿಲಲ್ಲಿ ಒಣಗೋಕೆ ಎರಡು ಗಂಟೆ ಬೇಕು, ಆರು ಬಟ್ಟೆಗೆ? ಎರಡೇ ಗಂಟೆ. ನನಗೆ 4 ವರ್ಷ ಆಗಿದ್ದಾಗ ಅಕ್ಕನಿಗೆ 8, ನನಗೆ 8 ಆದಾಗ ಅಕ್ಕನಿಗೆ? ಇಲ್ಲಿ "ಎಷ್ಟು ಜಾಸ್ತಿ" ಅನ್ನೋದೇ ಸರಿ, "ಎಷ್ಟು ಪಟ್ಟು" ತಪ್ಪು. ಪುಣೆಯ ರಿಕ್ಷಾ ಮೀಟರ್ ಇನ್ನೂ ಚೆನ್ನಾಗಿದೆ. ಮೊದಲ ಒಂದೂವರೆ ಕಿಲೋಮೀಟರಿಗೆ ಮಿನಿಮಮ್, ಆಮೇಲೆ ಕಿಲೋಮೀಟರಿಗೆ ಇಷ್ಟು ಅಂತ. ದೂರ ಎರಡರಷ್ಟಾದರೆ ದುಡ್ಡು ಎರಡರಷ್ಟು ಆಗುತ್ತಾ? ಆಗಲ್ಲ. ಯಾಕೆ ಆಗಲ್ಲ ಅಂತ ಒಂದು ಇಡೀ ಪೀರಿಯಡ್ ವಾದ ನಡೆಯುತ್ತೆ. ಈ ವಾದ ಮಾಡಿದ ಮಗುವಿಗೆ ಸಮಾನುಪಾತ ಅಂದರೆ ಏನು ಅಂತ ಡೆಫಿನಿಷನ್ ಬರೆಸೋದೇ ಬೇಕಿಲ್ಲ.

ಚುರುಕಾದ ಮಕ್ಕಳಿಗೂ ಈ ರೂಮಿನಲ್ಲಿ ಕೆಲಸ ಇದೆ. ಸೂತ್ರ ಹಾಕಿ ಉತ್ತರ ತಂದು "ಮುಗೀತು" ಅನ್ನೋ ಮಗುವಿಗೆ ಇದನ್ನ ಕೊಡಿ. ಒಂದು ಕಾಫಿಯಲ್ಲಿ 2 ಚಮಚ ಡಿಕಾಕ್ಷನ್‌ಗೆ 3 ಚಮಚ ಹಾಲು. ಇನ್ನೊಂದರಲ್ಲಿ 3ಕ್ಕೆ 5. ಯಾವುದು ಸ್ಟ್ರಾಂಗು? ಸೂತ್ರಕ್ಕೆ ಸಿಗೋ ಎಕ್ಸ್ ಇಲ್ಲಿಲ್ಲ. ಎರಡು ಸಾಲು ಹಾಕಿ ಡಿಕಾಕ್ಷನ್ ಸಮ ಮಾಡಿ: ಮೊದಲನೇದು 6ಕ್ಕೆ 9, ಎರಡನೇದು 6ಕ್ಕೆ 10. ಎರಡನೇದರಲ್ಲಿ ಹಾಲು ಜಾಸ್ತಿ, ಮೊದಲನೇದೇ ಸ್ಟ್ರಾಂಗ್. ಬಾಯಲ್ಲಿ ಕುಡಿದೂ ನೋಡಬಹುದು, ಶಾಲೆಯಲ್ಲಿ ಕಾಫಿ ಬೇಡ ಅಂದರೆ ಪಾನಕ.

ಕಾಫಿ ಅಂದ ಮೇಲೆ ಇನ್ನೊಂದು ಬಲೆ ಹೇಳಿಬಿಡ್ತೀನಿ, ಇದರಲ್ಲಿ ದೊಡ್ಡವರೂ ಬೀಳ್ತಾರೆ. ಮಾಟುಂಗಾಕ್ಕೆ ಹೋಗಿ ಕಾಫಿಪುಡಿ ತರೋರು ಇಲ್ಲೂ ಇದ್ದೀರಿ. 80:20 ಅಂತ ತರ್ತೀರಿ, ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. ಚಿಕೋರಿ ಎಷ್ಟನೇ ಒಂದು ಭಾಗ? ಕಾಲು ಭಾಗ ಅನ್ನೋರೂ ಇದ್ದೀರಿ, ಐದನೇ ಒಂದು ಅನ್ನೋರೂ ಇದ್ದೀರಿ. ಕಾಫಿಗೆ ಹೋಲಿಸಿದರೆ ಕಾಲು, ಇಡೀ ಪುಡಿಗೆ ಹೋಲಿಸಿದರೆ ಐದನೇ ಒಂದು. ಇಬ್ಬರೂ ಸರಿ, ಯಾವುದಕ್ಕೆ ಅಂತ ಹೇಳದೇ ಇದ್ದರೆ ಇಬ್ಬರೂ ತಪ್ಪು. ದೋಸೆಯಲ್ಲೂ ಅಷ್ಟೇ. ಉದ್ದು ಅಕ್ಕಿಯ ಮೂರನೇ ಒಂದು, ಆದರೆ ಒಟ್ಟು ಕಾಳಿನ ನಾಲ್ಕನೇ ಒಂದು. 1:3 ಕಂಡ ಕೂಡಲೇ ಮೂರನೇ ಒಂದು ಭಾಗ ಅಂತ ಬರೆಯೋ ಮಕ್ಕಳು ಬೇಕಾದಷ್ಟು. ಇದಕ್ಕೆ ನಾನು ಚೌಕ ಬರೆಸ್ತೀನಿ. ಮೂರು ಬಿಳಿ ಚೌಕ, ಒಂದು ಗೆರೆ ಎಳೆದ ಚೌಕ, ಒಟ್ಟು ನಾಲ್ಕು. ಕಣ್ಣು ಮಂದ ಇದ್ದರೆ ಗೆರೆಯ ಬದಲು ಮರಳು ಕಾಗದ ಅಂಟಿಸಿ. ಅರ್ಧ ಕೆಜಿ 70:30 ಪುಡಿಯಲ್ಲಿ ಚಿಕೋರಿ ಎಷ್ಟು ಅಂದರೆ ಹತ್ತು ಚೌಕ, ಒಂದೊಂದು ಚೌಕಕ್ಕೆ 50 ಗ್ರಾಂ, ಮೂರು ಚೌಕ 150 ಗ್ರಾಂ. ಸೂತ್ರ ಎಲ್ಲೂ ಬರಲಿಲ್ಲ.

ಹಾಗಾದರೆ ಕ್ರಾಸ್ ಮಲ್ಟಿಪ್ಲಿಕೇಶನ್ ಬೇಡವೇ ಬೇಡವಾ? ಈ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಯಾಕಂದರೆ ನಾವೆಲ್ಲ ಸಿಇಟಿ ಬರೆದು, ಎಕ್ಸ್ ಹಿಡಿದುಕೊಂಡು ಇಲ್ಲಿವರೆಗೆ ಬಂದವರು. ಅದು ಒಳ್ಳೆ ಸಾಧನ, ಬಹಳ ಹಳೇದು. ತ್ರೈರಾಶಿಕ ಅಂತ 499ರ ಆರ್ಯಭಟೀಯದಲ್ಲೇ ಇದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಅದಕ್ಕೆ ಲೆಕ್ಕಗಳ ರಾಶಿಯೇ ಇದೆ. ಆದರೆ ಆ ಹಳಬರ ಕ್ರಮ ಗಮನಿಸಿ. ಮೂರು ರಾಶಿಗೂ ಹೆಸರು ಇಟ್ಟರು: ಪ್ರಮಾಣ, ಫಲ, ಇಚ್ಛೆ. ಪ್ರಮಾಣ, ಇಚ್ಛೆ ಒಂದೇ ಜಾತಿಯದಾಗಿರಬೇಕು, ಎರಡೂ ತುದಿಗೆ ಕೂರಬೇಕು, ಫಲ ನಡುವೆ. ಅಕ್ಕಿ, ಉದ್ದು, ಅಕ್ಕಿ. ಯಾವುದು ಯಾವುದಕ್ಕೆ ಅನ್ನೋದು ಮೊದಲು ಇತ್ಯರ್ಥ ಆಗಬೇಕು, ಗುಣಾಕಾರ ಆಮೇಲೆ. ನಾವು ಮಕ್ಕಳಿಗೆ ಕೊಟ್ಟಿರೋದು ಬರೀ ಅಡ್ಡ ಗೀಟು.

ಅಡ್ಡ ಗೀಟಿನ ಕಷ್ಟ ಎರಡು. ಒಂದು, ನಾಲ್ಕೈದು ಹೆಜ್ಜೆ ತಲೇಲಿ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳೋ ಜಾಗವೇ ಕಡಿಮೆ ಇರೋ ಮಗುವಿಗೆ ಮೂರನೇ ಹೆಜ್ಜೆಗೆ ಮೊದಲನೇದು ಬಿದ್ದುಹೋಗಿರುತ್ತೆ. ಇನ್ನೊಂದು ದೊಡ್ಡದು. ಅದು ಏನನ್ನೂ ಕೇಳಲ್ಲ. ಬಟ್ಟೆ ಒಣಗೋ ಲೆಕ್ಕಕ್ಕೆ ಹಾಕಿದರೂ ಮರ್ಯಾದೆಯಿಂದ ನಾಲ್ಕು ಗಂಟೆ ಅಂತ ಉತ್ತರ ಕೊಡುತ್ತೆ. ಅದಕ್ಕೆ ನನ್ನ ಅಳತೆ ಇದು: ಲೆಕ್ಕ ಮಾಡೋಕೆ ಮುಂಚೆ ಉತ್ತರ ಜಾಸ್ತಿ ಬರುತ್ತಾ ಕಡಿಮೆ ಬರುತ್ತಾ, ಸುಮಾರು ಎಷ್ಟು ಅಂತ ಮಗು ಹೇಳಿದರೆ, ಅವತ್ತು ಸೂತ್ರ ಕೊಡಿ. ಅಲ್ಲಿವರೆಗೆ ಕೊಡಬೇಡಿ. ರಾತ್ರಿ ಒಂಬತ್ತೂವರೆಗೆ ಕಾಲ್ ಮುಗಿಸಿ ಬಂದು, ನಾಳೆ ಟೆಸ್ಟು ಅಂತ ಹತ್ತು ನಿಮಿಷದಲ್ಲಿ ಎಕ್ಸ್ ಹೇಳಿಕೊಡೋ ಅಪ್ಪಂದಿರಿಗೆ ಇದನ್ನ ಸ್ಪೆಷಲ್ಲಾಗಿ ಹೇಳ್ತಿದ್ದೀನಿ.

ಕೊನೆಯದಾಗಿ ಬಿಟ್ಟುಬಿಡೋದರ ಬಗ್ಗೆ. "ಮೇಡಂ, ಇವನಿಗೆ ಮ್ಯಾಥ್ಸ್ ಬಿಡಿಸಿಬಿಡೋಣ" ಅಂತ ಬರ್ತಾರೆ. ಕಲಿಕೆಯ ತೊಂದರೆಗಳನ್ನ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಇದೆ, ತಗೊಳ್ಳಿ. ಅದು ಭಿಕ್ಷೆ ಅಲ್ಲ. ಮಹಾರಾಷ್ಟ್ರದ ಎಸ್‌ಎಸ್‌ಸಿಯಲ್ಲಿ ಪ್ರಮಾಣಪತ್ರ ಇರೋ ಮಕ್ಕಳು ಬೀಜಗಣಿತ, ರೇಖಾಗಣಿತದ ಬದಲು ಏಳನೇ ಕ್ಲಾಸಿನ ಮಟ್ಟದ ಅಂಕಗಣಿತ ತಗೊಳ್ಳೋ ಪದ್ಧತಿ ಬಹಳ ವರ್ಷದಿಂದ ಇದೆ. ಕೆಲವು ಮಕ್ಕಳಿಗೆ ಅದೇ ಸರಿಯಾದ ದಾರಿ, ನಾನೇ ಹೇಳಿ ಕಳಿಸ್ತೀನಿ. ಆದರೆ ಆ ಏಳನೇ ಕ್ಲಾಸಿನ ಪುಸ್ತಕ ತೆಗೆದು ನೋಡಿ. ನೇರ ಅನುಪಾತ, ವಿಲೋಮ ಅನುಪಾತ, ಬಡ್ಡಿ. ಬೀಜಗಣಿತ ಬಿಟ್ಟರೂ ಇದು ಬಿಡಲ್ಲ. ಸಿರಪ್ ಬಾಟಲಿ ಅಂತೂ ಬಿಡಲ್ಲ. ಆದ್ದರಿಂದ ಶಾಲೆಯವರ ಹತ್ತಿರ ಮಾತಾಡುವಾಗ ಎರಡು ಕೇಳಿ: ಲೆಕ್ಕದ ಸಂಖ್ಯೆ ಕಡಿಮೆ ಮಾಡಿ, ಲೆಕ್ಕದ ವಿಷಯ ಕಡಿಮೆ ಮಾಡಬೇಡಿ. ಮತ್ತು ಉತ್ತರಪತ್ರಿಕೆಯಲ್ಲಿ ಎರಡು ಸಾಲು ಹಾಕಿ ಮಾಡಿದ್ದಕ್ಕೂ ಪೂರ್ತಿ ಮಾರ್ಕ್ಸ್ ಕೊಡಿ. ಎರಡನೇದಕ್ಕೆ ಕೆಲವು ಟೀಚರ್‌ಗಳು ಒಪ್ಪಲ್ಲ, "ಮೆಥಡ್ ಬೇಕು" ಅಂತಾರೆ. ಅದೂ ಮೆಥಡ್ಡೇ ಅಂತ ಕೂತು ತೋರಿಸಬೇಕಾಗುತ್ತೆ. ಎರಡು ಮೂರು ಭೇಟಿ ಬೇಕಾಗಬಹುದು, ರಜೆ ಹಾಕಿ ಹೋಗಿ.

ಬಾಗಿಲ ಪಕ್ಕದ ಮೇಜಿನ ಮೇಲೆ ಖಾಲಿ ಎರಡು ಸಾಲಿನ ಪ್ರಿಂಟೌಟ್ ಇಟ್ಟಿದ್ದೀನಿ, ಕನ್ನಡದಲ್ಲೂ ಇದೆ, ಇಂಗ್ಲಿಷಲ್ಲೂ ಇದೆ, ದೊಡ್ಡಕ್ಷರದ್ದೂ ಇದೆ. ಮನೆಗೊಂದು ತಗೊಂಡು ಹೋಗಿ. ಮೊದಲ ವಾರ ಅಡುಗೆಮನೆಯದನ್ನೇ ತುಂಬಿಸಿ, ಪುಸ್ತಕದ್ದು ಆಮೇಲೆ. ಈಗ ನಿಮ್ಮ ಪ್ರಶ್ನೆ ಕೇಳಿ. ಅಲ್ಲಿ, ಮುಕ್ಕಾಲು ಲೋಟ ಅಂದಿರಲ್ಲ ಹಿಂದಿನ ಸಾಲಿನವರು, ಮೊದಲು ನೀವು.